ಹೊಸದಾಗಿ ಕಟ್ಟಿದ ಇಂಜಿನ್ ಮುನಿಸಿಕೊಂಡಾಗ: ರೇಸ್ ಗಾಡಿ ಕಟ್ಟುವ ಗೆಳೆಯರಿಗೆ ದೋಷ ಹುಡುಕುವ ದಾರಿ

ಉಡುಪಿ ಹತ್ತಿರದ ಕಟಪಾಡಿಯ ತೆಂಗಿನ ತೋಟದ ನಡುವೆ ಒಂದು ಶೆಡ್ ಉಂಟು. ಅಲ್ಲಿ ನಾವು ನಾಲ್ವರು ಸೇರಿ ಹಳೆಯ ಮಾರುತಿ ಎಸ್ಟೀಮಿನ ಇಂಜಿನನ್ನು ಎರಡು ಸಲ ಬಿಚ್ಚಿ ಕಟ್ಟಿದ್ದೇವೆ. 1298 ಸಿಸಿ, ನಾಲ್ಕು ಸಿಲಿಂಡರ್, 74 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಕಾರ್ಬ್ಯುರೇಟರ್ ಇರುವ ಹಳೇ ಮಾದರಿ. ಸದ್ಯಕ್ಕೆ ಆಟೋಕ್ರಾಸ್ (ಬಯಲಿನಲ್ಲಿ ಗಡಿಯಾರದ ಎದುರು ಓಡಿಸುವ ಸ್ಪರ್ಧೆ) ಓಡಿಸಬೇಕು, ಕೈಗೂಡಿದರೆ ಮುಂದೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಟ್ರ್ಯಾಕಿಗೋ ಒಯ್ಯಬೇಕು ಎಂಬ ಆಸೆಯಿಂದ ಕಟ್ಟಿದ ಗಾಡಿ ಅದು. ಎಸ್ಟೀಮ್ 1994ರಿಂದ 2007ರವರೆಗೆ ಮಾರಾಟವಾದ ಕಾರು. ಬಿಡಿಭಾಗ ಇನ್ನೂ ಸಿಗುತ್ತದೆ, ಗಾಡಿ ಹಗುರ, ಇಂಜಿನ್ ಸರಳ. ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಹಳೆಯ ಇಂಜಿನ್ ಕೆಟ್ಟರೆ ಸವೆದದ್ದು ಯಾವುದು ಎಂದು ಹುಡುಕಬೇಕು. ಹೊಸದಾಗಿ ಕಟ್ಟಿದ್ದು ಕೆಟ್ಟರೆ ಕೈ ತಪ್ಪಿದ್ದೆಲ್ಲಿ ಎಂದು ಹುಡುಕಬೇಕು. ಗೆಳೆಯರೆಲ್ಲ ಸೇರಿ ಕಟ್ಟಿದ ಇಂಜಿನಿನಲ್ಲಂತೂ ಇದು ಇನ್ನೂ ನಿಜ. ಎಂಟು ಕೈಗಳು ಕೆಲಸ ಮಾಡಿರುತ್ತವೆ, ಒಬ್ಬ ಬಿಗಿ ಮಾಡಿದ್ದಾನೆ ಎಂದು ಇನ್ನೊಬ್ಬ ಅಂದುಕೊಂಡಿರುತ್ತಾನೆ. ಹಾಗಾಗಿ ನಮ್ಮಲ್ಲಿ ಈಗ ಒಂದು ಕಟ್ಟಳೆ: ಟಾರ್ಕ್ ರೆಂಚ್ (ಬಿಗಿಯ ಅಳತೆ ತೋರಿಸುವ ಪಾನಾ) ಹಿಡಿದವನೇ ಆ ಬೋಲ್ಟಿನ ತಲೆಯ ಮೇಲೆ ಹಳದಿ ಪೇಂಟಿನಲ್ಲಿ ಗೆರೆ ಎಳೆಯಬೇಕು, ನೋಟ್‌ಬುಕ್ಕಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಬರೆಯಬೇಕು. ಗೆರೆ ಇಲ್ಲದ ಬೋಲ್ಟ್ ಬಿಗಿಯಾಗದ ಬೋಲ್ಟ್ ಎಂದೇ ಲೆಕ್ಕ. ಮುಂದೆ ಹೇಳುವ ಯಾವ ಲಕ್ಷಣ ಕಂಡರೂ ಮೊದಲು ಆ ನೋಟ್‌ಬುಕ್ ತೆರೆಯಿರಿ. ಕೊನೆಗೆ ಕೈ ಹಾಕಿದ ಜಾಗದಲ್ಲೇ ಬಹಳ ಸಲ ಉತ್ತರ ಸಿಗುತ್ತದೆ, ಅದಕ್ಕೆ ದುಡ್ಡೂ ಬೇಡ.

ಕೆಲಸಕ್ಕೆ ಇಳಿಯುವ ಮೊದಲು

ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಲೇಬೇಡಿ. ಸೈಲೆನ್ಸರಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರ, ವಾಕರಿಕೆ ಶುರುವಾದರೆ ಇಂಜಿನ್ ಆಫ್ ಮಾಡಿ ಎಲ್ಲರೂ ಹೊರಗೆ ಬನ್ನಿ. ಆಮೇಲೂ ತಲೆ ತಿರುಗುತ್ತಿದ್ದರೆ ಆಸ್ಪತ್ರೆಗೆ ಹೋಗಿ. ಲುಂಗಿ ಉಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು ಓಡುವ ಬೆಲ್ಟಿನ ಹತ್ತಿರ ಬಗ್ಗಬಾರದು. ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ, ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ. ಗಾಡಿಯ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಪೆಟ್ರೋಲ್ ಲೈನ್ ಬಿಚ್ಚುವ ದಿನ ಡ್ರೈ ಪೌಡರಿನ ಅಗ್ನಿಶಾಮಕ ಕೈಗೆಟುಕುವಲ್ಲಿ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ನೀರಿನ ಮೇಲೇ ತೇಲಿಕೊಂಡು ಹರಡುತ್ತದೆ.

ಸೆಲ್ಫ್ ಹೊಡೆದರೆ ಟಕ್ ಅನ್ನುತ್ತದೆ, ಅಥವಾ ಭಾರವಾಗಿ ತಿರುಗುತ್ತದೆ

ಮಲ್ಟಿಮೀಟರ್ ತೆಗೆದುಕೊಳ್ಳಿ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಚಾರ್ಜ್ ಮಾಡಿ.

ಬ್ಯಾಟರಿ ಸರಿ ಇದ್ದರೆ ಅರ್ಥಿಂಗ್ ನೋಡಿ. ಇಂಜಿನ್ ಇಳಿಸಿದವರೆಲ್ಲ ಬ್ಲಾಕಿಗೆ ಚೆಂದಕ್ಕೆ ಬಣ್ಣ ಹೊಡೆಯುತ್ತಾರೆ, ಆಮೇಲೆ ಅರ್ಥ್ ಪಟ್ಟಿಯನ್ನು ಆ ಬಣ್ಣದ ಮೇಲೇ ಬಿಗಿಯುತ್ತಾರೆ. ಬಣ್ಣದ ಪದರ ಕರೆಂಟನ್ನು ತಡೆಯುತ್ತದೆ. ನಮ್ಮ ಕಡಲ ಗಾಳಿಗೆ ಹಳೆಯ ಪಟ್ಟಿಯ ತಾಮ್ರದ ಎಳೆಗಳು ಒಳಗೊಳಗೇ ಹಸಿರುಗಟ್ಟಿರುವುದೂ ಸಾಮಾನ್ಯ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಬ್ಲಾಕಿನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಅರ್ಥಿಂಗಿನಲ್ಲೇ ಉಂಟು. ಕೂರುವ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ ಹೊಸ ಪಟ್ಟಿ ಹಾಕಿ.

ಅದೂ ಸರಿ ಇದೆಯೋ? ಹಾಗಾದರೆ ಬ್ಯಾಟರಿ ಬಿಚ್ಚಿ, ನಾಲ್ಕೂ ಪ್ಲಗ್ ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಇಂಜಿನನ್ನು ಅದು ಓಡುವ ದಿಕ್ಕಿಗೇ ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಹೊಸ ರಿಂಗಿನ ಇಂಜಿನ್ ಬಿಗಿ ಇರುತ್ತದೆ, ಆದರೆ ಆ ಬಿಗಿ ಎರಡೂ ಸುತ್ತಿನಲ್ಲಿ ಒಂದೇ ಸಮ ಇರಬೇಕು. ಒಂದೇ ಜಾಗದಲ್ಲಿ ತಡೆದು ನಿಂತರೆ ಬಲ ಹಾಕಬೇಡಿ. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು, ಅಂದರೆ ಟೈಮಿಂಗ್ ಬೆಲ್ಟ್ ತಪ್ಪಿದೆ. ಇಡೀ ಸುತ್ತು ಕಲ್ಲಿನಂತೆ ಬಿಗಿ ಇದ್ದರೆ ಬೇರಿಂಗ್ ಕ್ಯಾಪ್ ಅದಲುಬದಲಾಗಿದೆ, ಇಲ್ಲವೇ ಕ್ಯಾಪಿನ ಮುಖ ಹಿಂದುಮುಂದಾಗಿದೆ. ಆಗ ಸಂಪ್ (ಇಂಜಿನ್ ಅಡಿಯ ಎಣ್ಣೆ ತಟ್ಟೆ) ಬಿಚ್ಚದೆ ಬೇರೆ ದಾರಿಯಿಲ್ಲ. ಪ್ರತಿ ಕನೆಕ್ಟಿಂಗ್ ರಾಡ್ ಅದರದೇ ಕ್ಯಾಪಿನ ಜೊತೆ ಕೂಡಿ ಬೋರ್ ಆಗಿರುತ್ತದೆ, ಪಕ್ಕದ್ದರ ಕ್ಯಾಪ್ ಹೊಂದುವುದಿಲ್ಲ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ

ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಉಸಿರಿಗೆ ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷ ಬಿಡಿ, ಇಲ್ಲದಿದ್ದರೆ ಸ್ಟಾರ್ಟರ್ ಮೋಟರ್ ಸುಡುತ್ತದೆ.

ಪೆಟ್ರೋಲ್ ಬರುತ್ತಿದೆಯೇ ಎಂದು ಮೊದಲು ನೋಡಿ. ಗಾಡಿ ಆರು ತಿಂಗಳು ಶೆಡ್ಡಿನಲ್ಲಿ ನಿಂತಿದ್ದರೆ ಟ್ಯಾಂಕಿನ ಪೆಟ್ರೋಲನ್ನು ನಂಬಬೇಡಿ. ಈಗಿನ ಬಂಕ್ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಬರವೇ ಇಲ್ಲ. ನೀರು ಸಾಕಷ್ಟು ಸೇರಿದರೆ ಎಥನಾಲ್ ಅದರ ಜೊತೆಗೂಡಿ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಪಂಪ್ ಮೊದಲು ಎಳೆಯುವುದು ಅದನ್ನೇ. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ಬೆಳಕಿಗೆ ನೋಡಿ, ಎರಡು ಪದರ ಕಂಡರೆ ಇಡೀ ಟ್ಯಾಂಕ್ ಖಾಲಿ ಮಾಡಿ. ಆ ಕಾಲದ ರಬ್ಬರ್ ಪೈಪುಗಳಿಗೂ ಎಥನಾಲ್ ಆಗಿಬರುವುದಿಲ್ಲ. ಬೆರಳಲ್ಲಿ ಹಿಚುಕಿದಾಗ ಮೆತ್ತಗೆ ಅಂಟಂಟಾಗಿದ್ದರೆ ಬದಲಿಸಿ.

ಆಮೇಲೆ ಕಿಡಿ. ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಬ್ಲಾಕಿಗೆ ತಾಗಿಸಿಟ್ಟು ಸೆಲ್ಫ್ ಹೊಡೆಯಿಸಿ. ನೀಲಿ ಕಿಡಿ ಚಟಚಟ ಹಾರಬೇಕು. ಇದನ್ನು ಮಾಡುವಾಗ ಪ್ಲಗ್ ತೂತಿನಿಂದ, ಪೆಟ್ರೋಲ್ ಚೆಲ್ಲಿದ ಜಾಗದಿಂದ ದೂರವಿರಿ, ವೈರನ್ನು ಬರಿಗೈಯಲ್ಲಿ ಹಿಡಿಯಬೇಡಿ.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೆ ಕಾರ್ಬ್ಯುರೇಟರಿನ ಬಾಯಿಯಿಂದ ಡಬ್ ಎಂದು ಉಗುಳುತ್ತದೆ. ಹೊಸ ಇಂಜಿನಿನಲ್ಲಿ ಬಹಳ ಸಲ ಕಾಣುವ ಲಕ್ಷಣ ಇದು. ಇಂಥ ಇಂಜಿನಿನ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಸಿಗುವ ಸರದಿ) 1-3-4-2, ಟೈಮಿಂಗ್ ಬೆಲ್ಟ್ ಇರುವ ಬದಿಯದ್ದು ಒಂದನೇ ಸಿಲಿಂಡರ್. ಪುಲ್ಲಿಯ ಗುರುತು ಸೊನ್ನೆಗೆ ಬಂದ ಮಾತ್ರಕ್ಕೆ ಒಂದನೇ ಸಿಲಿಂಡರ್ ಕಂಪ್ರೆಷನ್ನಿನಲ್ಲಿ ಇದೆ ಎಂದಲ್ಲ. ನಾಲ್ಕು ಸ್ಟ್ರೋಕಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಗಾಳಿ ಒತ್ತಲು, ಇನ್ನೊಮ್ಮೆ ಹೊಗೆ ತಳ್ಳಲು. ಒಂದನೇ ಪ್ಲಗ್ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಿರಿ, ಗೆಳೆಯ ಪಾನಾದಲ್ಲಿ ನಿಧಾನ ತಿರುಗಿಸಲಿ. ಬೆರಳನ್ನು ಗಾಳಿ ನೂಕಿಕೊಂಡು ಬರುವಾಗ ಪುಲ್ಲಿಯ ಗುರುತು ಸೊನ್ನೆಗೆ ಬರಬೇಕು. ಆಗ ಡಿಸ್ಟ್ರಿಬ್ಯೂಟರಿನ ರೋಟರ್ ಯಾವ ಕಡೆ ಮುಖ ಮಾಡಿದೆಯೋ ಅಲ್ಲಿಗೆ ಒಂದನೇ ಸಿಲಿಂಡರಿನ ವೈರ್. ಅಲ್ಲಿಂದ ರೋಟರ್ ತಿರುಗುವ ದಿಕ್ಕಿಗೆ ಮೂರು, ನಾಲ್ಕು, ಎರಡು.

ಇಷ್ಟಾದರೂ ಹಿಡಿಯದಿದ್ದರೆ ಕಂಪ್ರೆಷನ್ ಗೇಜ್ ಹಾಕಿ. ನಾಲ್ಕೂ ಪ್ಲಗ್ ಹೊರಗೆ, ಕಾಯಿಲ್ ವೈರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ. ಪೆಟ್ರೋಲ್ ಇಂಜಿನಿನಲ್ಲಿ 150ರಿಂದ 190 ಪಿಎಸ್‌ಐ ಬಂದರೆ ಸಮಾಧಾನ. ರಿಂಗ್ ಕೂರುವ ಮೊದಲು ಸ್ವಲ್ಪ ಕಡಿಮೆ ಬರಬಹುದು, ಹೆದರಬೇಡಿ. ಅಂಕಿಗಿಂತ ಅದರ ಹಂಚಿಕೆ ಹೆಚ್ಚು ಹೇಳುತ್ತದೆ. ನಾಲ್ಕೂ ಒಂದೇ ಸಮ ಕಡಿಮೆಯಿದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿರಬಹುದು. ಅಕ್ಕಪಕ್ಕದ ಎರಡು ಕಡಿಮೆಯಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಒಂದೇ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ತೀರಾ ಬಿಗಿ ಇಟ್ಟಿದ್ದರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಹೆಡ್ ಬಿಚ್ಚುವ ಮೊದಲು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) ಅದನ್ನು ನೋಡಿಬಿಡಿ.

ಆಯಿಲ್ ಲೈಟ್ ಆರುವುದಿಲ್ಲ

ಬೇರೆ ಎಲ್ಲಕ್ಕೂ ಸಮಯ ಉಂಟು, ಇದಕ್ಕೆ ಇಲ್ಲ. ಇಂಜಿನ್ ಹಿಡಿದು ಐದಾರು ಸೆಕೆಂಡಿನಲ್ಲಿ, ಎಣ್ಣೆಯ ಒತ್ತಡ ಇಲ್ಲವೆಂದು ಎಚ್ಚರಿಸುವ ಈ ಲೈಟ್ ಆರದಿದ್ದರೆ ಕೀ ತಿರುಗಿಸಿ ಆಫ್ ಮಾಡಿ. ಇನ್ನೊಮ್ಮೆ ನೋಡೋಣ ಎಂದು ಮತ್ತೆ ಸ್ಟಾರ್ಟ್ ಮಾಡಬೇಡಿ. ಕ್ರ್ಯಾಂಕಿಗೂ ಬೇರಿಂಗ್ ಶೆಲ್ಲಿಗೂ ನಡುವೆ ಇರುವುದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿನಷ್ಟು ಜಾಗ. ಅಲ್ಲಿ ಎಣ್ಣೆ ಇಲ್ಲದೆ ಅರ್ಧ ನಿಮಿಷ ಓಡಿದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ಹಾಳು.

ನಿಜ ಹೇಳಬೇಕೆಂದರೆ ಇದನ್ನು ಮೊದಲ ಸ್ಟಾರ್ಟಿಗೆ ಮುಂಚೆಯೇ ನೋಡಬೇಕು. ಪ್ಲಗ್‌ಗಳನ್ನು ತೆಗೆದು, ಕಾಯಿಲ್ ಕಳಚಿ, ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆಯುತ್ತಾ ಹೋಗಿ. ಕಂಪ್ರೆಷನ್ ಇಲ್ಲದ್ದರಿಂದ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ, ಪಂಪ್ ಎಣ್ಣೆ ಎಳೆದುಕೊಳ್ಳುತ್ತದೆ. ಲೈಟ್ ಆರಿದ ಮೇಲೆ, ಗೇಜ್ ಇದ್ದರೆ ಮುಳ್ಳು ಎದ್ದ ಮೇಲೆ, ಪ್ಲಗ್ ಹಾಕಿ.

ಮುಳ್ಳು ಏಳದಿದ್ದರೆ ಹೀಗೆ ನೋಡುತ್ತಾ ಹೋಗಿ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಇದೆಯೇ? ಆಯಿಲ್ ಪ್ರೆಷರ್ ಸ್ವಿಚ್ಚಿನ ವೈರ್ ಬ್ಲಾಕಿಗೆ ತಾಗಿ ಸುಮ್ಮನೆ ಲೈಟ್ ಹಚ್ಚುತ್ತಿದೆಯೇ? ಸ್ವಿಚ್ ಬಿಚ್ಚಿ ಆ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿ. ಲೈಟ್ ಇರುವುದು ಇದೆ ಅಥವಾ ಇಲ್ಲ ಎನ್ನಲಿಕ್ಕೆ ಮಾತ್ರ, ಎಷ್ಟಿದೆ ಎಂದು ಹೇಳುವುದು ಗೇಜ್. ರೇಸ್ ಗಾಡಿಗೆ ಗೇಜ್ ಬೇಕೇ ಬೇಕು. ಬಿಸಿ ಇಂಜಿನಿಗೆ ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಹಳೆಯ ರೂಢಿಯ ಲೆಕ್ಕ. ಗೇಜೂ ಸೊನ್ನೆ ತೋರಿಸಿದರೆ ಆಯಿಲ್ ಫಿಲ್ಟರ್ ಕಳಚಿ, ಕೆಳಗೆ ಬೇಸಿನ್ ಇಟ್ಟು, ಒಂದೆರಡು ಸೆಕೆಂಡು ಸೆಲ್ಫ್ ಹೊಡೆಯಿರಿ. ಎಣ್ಣೆ ಚಿಮ್ಮಿದರೆ ಪಂಪ್ ಸರಿ, ಮುಂದೆ ಎಲ್ಲೋ ಸೋರಿಹೋಗುತ್ತಿದೆ. ಬ್ಲಾಕ್ ತೊಳೆಸುವಾಗ ತೆಗೆದ ಗ್ಯಾಲರಿ ಪ್ಲಗ್ (ಎಣ್ಣೆ ದಾರಿಯ ಬಿರಡೆ) ಮರಳಿ ಹಾಕಿಲ್ಲವೋ, ಬೇರಿಂಗ್ ಗ್ಯಾಪ್ ದೊಡ್ಡದಾಗಿದೆಯೋ ನೋಡಬೇಕು. ಚಿಮ್ಮದಿದ್ದರೆ ಪಂಪ್ ಎಣ್ಣೆ ಎಳೆಯುತ್ತಿಲ್ಲ.

ನಾವು ಮೊದಲ ಸಲ ಕಟ್ಟಿದಾಗ ಎಣ್ಣೆ ಚಿಮ್ಮಲಿಲ್ಲ. ಫಿಲ್ಟರ್ ಕೂರುವ ಜಾಗದಿಂದ ಎರಡು ಗುಳ್ಳೆ ಬಂದವು, ಅಷ್ಟೇ. ಪಂಪ್ ಕೈಕೊಟ್ಟಿತೆಂದು ಹೊಸ ಪಂಪಿಗೆ ದುಡ್ಡು ಕೂಡಿಸಲು ಹೊರಟಿದ್ದೆವು. ಆಗ ನಮ್ಮಲ್ಲೊಬ್ಬ ಗ್ಯಾಸ್ಕೆಟ್ ಸೆಟ್ಟಿನ ಖಾಲಿ ಪ್ಲಾಸ್ಟಿಕ್ ಕವರನ್ನು ಟ್ಯೂಬ್‌ಲೈಟಿಗೆ ಹಿಡಿದು ಅಲ್ಲಾಡಿಸಿದ. ಮೂಲೆಯ ಮಡಿಕೆಯಲ್ಲಿ ಕಿರುಬೆರಳಿನ ಉಂಗುರದಷ್ಟು ದೊಡ್ಡ ಕಪ್ಪು ಓ-ರಿಂಗ್ ಅಂಟಿಕೊಂಡಿತ್ತು. ಸಂಪಿನೊಳಗೆ ಎಣ್ಣೆ ಎಳೆಯುವ ಪೈಪು ಪಂಪಿಗೆ ಸೇರುವಲ್ಲಿ ಹಾಕಬೇಕಾದ ರಿಂಗ್ ಅದು. ಅದಿಲ್ಲದೆ ಪಂಪ್ ಎಣ್ಣೆಯ ಬದಲು ಗಾಳಿ ಎಳೆಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ‘ಸಂಪ್ ಆಯಿತು’ ಎಂದಷ್ಟೇ ಇತ್ತು, ಯಾರ ಅಕ್ಷರವೂ ಇರಲಿಲ್ಲ. ಪೈಪ್ ಕೂರಿಸಿದವನು ಒಬ್ಬ, ಸಂಪ್ ಮುಚ್ಚಿದವನು ಇನ್ನೊಬ್ಬ. ಹಳದಿ ಗೆರೆಯ ಕಟ್ಟಳೆ ಹುಟ್ಟಿದ್ದು ಆ ರಾತ್ರಿ.

ಓ-ರಿಂಗ್ ಸರಿ ಇದ್ದೂ ಪಂಪ್ ಎಳೆಯದಿದ್ದರೆ ಅದು ಒಣಗಿರಬಹುದು. ಕ್ರ್ಯಾಂಕಿನ ಮುಂತುದಿಯಲ್ಲಿ ಕೂರುವ ಈ ಬಗೆಯ ಪಂಪನ್ನು ಕಟ್ಟುವಾಗ ಅದರ ಹಲ್ಲುಗಳ ನಡುವೆ ವ್ಯಾಸಲೀನ್ ತುಂಬಬೇಕು, ಬರಿ ಎಣ್ಣೆ ಹಚ್ಚಿದರೆ ಇಳಿದುಹೋಗುತ್ತದೆ. ಗ್ರೀಸ್ ಬೇಡ, ಅದು ಕರಗದೆ ದಾರಿ ಕಟ್ಟಬಹುದು.

ಸೈಲೆನ್ಸರಿನಲ್ಲಿ ಹೊಗೆ

ಮೊದಲ ಹತ್ತು ನಿಮಿಷದ ಹೊಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಟ್ಟುವಾಗ ಬೋರಿಗೆ ಹಚ್ಚಿದ ಎಣ್ಣೆ, ಮ್ಯಾನಿಫೋಲ್ಡಿಗೆ ತಾಗಿದ ಕೈ ಗ್ರೀಸ್ ಎಲ್ಲ ಸುಡುತ್ತದೆ. ಅದಾದ ಮೇಲೂ ಉಳಿದರೆ ಬಣ್ಣ ನೋಡಿ.

ಕಪ್ಪು ಹೊಗೆಗೆ ಚೋಕ್ ಸಿಕ್ಕಿಕೊಂಡಿದೆಯೋ, ಏರ್ ಫಿಲ್ಟರ್ ಕಟ್ಟಿದೆಯೋ, ಕಾರ್ಬ್ಯುರೇಟರಿನ ಫ್ಲೋಟ್ ಮಟ್ಟ ಏರಿದೆಯೋ ನೋಡಿದರೆ ಸಾಕು. ಇಂಜಿನ್ ಬಿಚ್ಚುವ ಕೆಲಸವಿಲ್ಲ.

ಬಿಳಿ ಹೊಗೆ ಮಳೆಗಾಲದ ಬೆಳಿಗ್ಗೆ ಎಲ್ಲ ಗಾಡಿಯಲ್ಲೂ ಬರುತ್ತದೆ, ಇಂಜಿನ್ ಬಿಸಿಯಾದ ಮೇಲೆ ಹೋಗುತ್ತದೆ. ಹೋಗದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಸುಡುತ್ತಿದೆ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಬಿಸಿ ಇರುವಾಗ ಆ ಮುಚ್ಚಳಕ್ಕೆ ಕೈ ಹಾಕಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ತೆಳುವಾಗಿ ಕೆನೆ ಕಟ್ಟಿದ್ದಕ್ಕೇ ಗ್ಯಾಸ್ಕೆಟ್ ಹೋಯಿತೆಂದು ತೀರ್ಮಾನಿಸಬೇಡಿ. ನಮ್ಮ ಕಡೆ ಐದೈದು ನಿಮಿಷ ಓಡಿಸಿ ನಿಲ್ಲಿಸಿದ ಇಂಜಿನಿನಲ್ಲಿ ಗಾಳಿಯ ತೇವವೇ ಹಾಗೆ ಕೆನೆಯಾಗುತ್ತದೆ. ಡಿಪ್‌ಸ್ಟಿಕ್‌ನಲ್ಲೇ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ಅದು ನೀರು. ಅಂಥ ಎಣ್ಣೆಯಲ್ಲಿ ಒಂದು ನಿಮಿಷವೂ ಓಡಿಸಬಾರದು.

ಗ್ಯಾಸ್ಕೆಟ್ ಹೊಸದಾಗಿದ್ದೂ ಸೋರಲು ನಾವು ಕಂಡ ಕಾರಣ ಬೋಲ್ಟ್ ತೂತು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟ್ ಅದನ್ನು ಒತ್ತುತ್ತದೆ. ಟಾರ್ಕ್ ರೆಂಚ್ ಟಕ್ ಎನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರುವುದಿಲ್ಲ, ಬ್ಲಾಕ್ ಬಿರಿಯುವುದೂ ಉಂಟು. ಪ್ರತಿ ತೂತನ್ನೂ ಗಾಳಿ ಊದಿ ಒಣಗಿಸಿ. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ ಹೋಗಿ. ಹೆಡ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು, ಕೆಳಗೆ 0.05 ಮಿ.ಮೀ. ಫೀಲರ್ ನುಗ್ಗಿದರೆ ಲೇತಿಗೆ ಕೊಟ್ಟು ಮುಖ ಹೊಡೆಸಿ (ಸಮತಟ್ಟು ಮಾಡಿಸಿ).

ಇನ್ನು ನೀಲಿ ಹೊಗೆ. ಎಣ್ಣೆ ಹೆಚ್ಚು ತುಂಬಿದೆಯೋ, ಬ್ರೀದರ್ ಪೈಪ್ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ಮಡಚಿದೆಯೋ ಮೊದಲು ನೋಡಿ. ಆಮೇಲೆ ಹೊಗೆ ಯಾವಾಗ ಬರುತ್ತದೆಂದು ಗಮನಿಸಿ. ರಾತ್ರಿ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಅಥವಾ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಭುಸ್ ಎಂದು ಬಂದರೆ ವಾಲ್ವ್ ಸೀಲ್. ಎಳೆಯುವಾಗ ಉದ್ದಕ್ಕೂ ಬಂದರೆ ರಿಂಗ್.

ರಿಂಗ್ ಕೂರದಿರುವುದಕ್ಕೆ ನಮ್ಮ ಊರಿನದೇ ಒಂದು ಕಾರಣ ಉಂಟು. ಎರಡನೇ ಸಲ ಬ್ಲಾಕನ್ನು ಬೋರ್ ಮಾಡಿಸಿ ತಂದದ್ದು ಮಳೆ ಜೋರಾಗಿರುವ ಆಟಿ ತಿಂಗಳಿನಲ್ಲಿ. ಸಂಜೆ ಸೋಪು ನೀರಿನಲ್ಲಿ ತೊಳೆದು, ಒರೆಸಿ, ಗೋಣಿ ಮುಚ್ಚಿಟ್ಟು ಊಟಕ್ಕೆ ಹೋದೆವು. ಮರಳಿ ಬಂದು ಟಾರ್ಚ್ ಬಿಟ್ಟರೆ, ಬೆಳ್ಳಿಯಂತೆ ಹೊಳೆಯುತ್ತಿದ್ದ ಬೋರಿನ ಮೈಗೆ ನಾಲ್ಕಕ್ಕೆ ನಾಲ್ಕರಲ್ಲೂ ಕಾವಿ ಪುಡಿ ಉದುರಿಸಿದ ಹಾಗೆ ತುಕ್ಕು. ಬೆರಳಿಟ್ಟರೆ ಬೆರಳ ತುದಿ ಕೆಂಪು. ಹಾಗೇ ರಿಂಗ್ ಹಾಕಿದ್ದರೆ ತುಕ್ಕಿನ ಪುಡಿ ಉಜ್ಜುವ ಮರಳಿನಂತೆ ಕೆಲಸ ಮಾಡುತ್ತಿತ್ತು. ಮತ್ತೆ ಹೋನಿಂಗ್ (ಕಲ್ಲಿನಿಂದ ಬೋರಿನ ಮೈ ಉಜ್ಜಿ ಸಣ್ಣ ಗೆರೆ ಮೂಡಿಸುವುದು) ಮಾಡಿಸಬೇಕಾಯಿತು.

ತೊಳೆಯುವುದು ಮಾತ್ರ ಸೋಪು ಮತ್ತು ಬಿಸಿ ನೀರಿನಲ್ಲೇ. ಸೀಮೆಎಣ್ಣೆ, ಪೆಟ್ರೋಲ್ ಹಾಕಿದರೆ ಎಣ್ಣೆ ಹೋಗುತ್ತದೆ, ಹೋನಿಂಗ್ ಕಲ್ಲಿನ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬೂದಿ ಬಣ್ಣವಾಗುವುದು ನಿಲ್ಲುವ ತನಕ ತೊಳೆಯಿರಿ. ಒರೆಸಿದ ಕೈಯಲ್ಲೇ ಎಣ್ಣೆ ಹಚ್ಚಿ. ಮಳೆಗಾಲದಲ್ಲಿ ನಡುವೆ ಚಹಾ ಕುಡಿಯುವಷ್ಟೂ ಹೊತ್ತು ಬಿಡಬೇಡಿ.

ರಿಂಗ್ ತುದಿಗಳ ನಡುವಿನ ಗ್ಯಾಪಿಗೆ, ಬೋರಿನ ಪ್ರತಿ ಇಂಚಿಗೆ ನಾಲ್ಕು ಥೌ (ಇಂಚಿನ ಸಾವಿರದಲ್ಲಿ ನಾಲ್ಕು ಪಾಲು) ಎಂಬ ಲೆಕ್ಕ ಉಂಟು. 74 ಮಿ.ಮೀ. ಬೋರಿಗೆ ಅದು ಸುಮಾರು 0.30 ಮಿ.ಮೀ. ಆಗುತ್ತದೆ. ಪ್ರತಿ ರಿಂಗನ್ನೂ ಅದು ಹೋಗುವ ಬೋರಿನಲ್ಲೇ ಇಟ್ಟು ಅಳೆಯಿರಿ. ಗುರುತು ಇರುವ ಮುಖ ಮೇಲೆ ಬರಬೇಕು. ಎಲ್ಲ ಸರಿ ಇದ್ದೂ ಹೊಗೆ ಬಂದರೆ ಇಂಜಿನನ್ನು ನಿಂತಲ್ಲೇ ಗಂಟೆಗಟ್ಟಲೆ ಓಡಿಸಿದ್ದೀರೋ ಯೋಚಿಸಿ. ಭಾರ ಬೀಳದೆ ರಿಂಗ್ ಕೂರುವುದಿಲ್ಲ, ಬೋರಿನ ಮೈ ಗಾಜಿನಂತೆ ನುಣುಪಾಗುತ್ತದೆ. ಎರಡನೇ ಮೂರನೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರಿನಲ್ಲಿ ಎಳೆಸಿ, ಬಿಟ್ಟು, ಮತ್ತೆ ಎಳೆಸಬೇಕು. ದಾಖಲೆ, ವಿಮೆ ಇಲ್ಲದ ರೇಸ್ ಗಾಡಿಯನ್ನು ಇದಕ್ಕಾಗಿ ಹೆದ್ದಾರಿಗೆ ಇಳಿಸಬೇಡಿ, ಅನುಮತಿ ಪಡೆದ ಖಾಲಿ ಜಾಗ ಹುಡುಕಿ. ಮೊದಲ ಕೆಲವು ನೂರು ಕಿಲೋಮೀಟರಿನೊಳಗೆ ಹೊಗೆ ಇಳಿಯುತ್ತಾ ಬಂದರೆ ಬಿಚ್ಚುವ ಅಗತ್ಯವಿಲ್ಲ.

ಒಳಗಿನಿಂದ ಸದ್ದು

ಚಿಟಿಚಿಟಿ ಎಂದು ಮೇಲಿನಿಂದ, ಹಗುರವಾಗಿ, ಇಂಜಿನಿನ ಅರ್ಧ ವೇಗದಲ್ಲಿ ಕೇಳಿಸುವುದು ಟ್ಯಾಪೆಟ್. ಗ್ಯಾಪ್ ಹೊಂದಿಸಿದರೆ ಆಯಿತು. ತಣ್ಣಗಿರುವಾಗ ಟೊಳ್ಳಾಗಿ ಬಡಿದು, ಬಿಸಿಯಾದ ಮೇಲೆ ಕಡಿಮೆಯಾಗುವುದು ಪಿಸ್ಟನ್ ಬೋರಿಗೆ ಬಡಿಯುವ ಸದ್ದು. ಸ್ವಲ್ಪ ಇದ್ದರೆ ಪರವಾಗಿಲ್ಲ.

ಗಟ್ಟಿಯಾಗಿ ಟಕ್ ಟಕ್ ಟಕ್ ಎಂದು ಕ್ರ್ಯಾಂಕಿನ ವೇಗದಲ್ಲಿ, 2000 ಆರ್‌ಪಿಎಂ ಆಸುಪಾಸಿನಲ್ಲಿ ಹಗುರವಾಗಿ ಆಕ್ಸಿಲರೇಟರ್ ಹಿಡಿದಾಗ ಹೆಚ್ಚಾಗಿ ಕೇಳಿಸುವುದು ರಾಡ್ ಬೇರಿಂಗ್. ಮಲ್ಪೆ ಬಂದರಿನ ಬೋಟ್ ಇಂಜಿನ್‌ಗಳಲ್ಲಿ ಕೈ ಪಳಗಿದ ಹಿರಿಯರೊಬ್ಬರನ್ನು ಒಮ್ಮೆ ಶೆಡ್ಡಿಗೆ ಕರೆತಂದಿದ್ದೆವು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟು ಒಂದೊಂದೇ ಸಿಲಿಂಡರ್ ಕೇಳುತ್ತಾ ಹೋದರು. ಮೂರನೆಯದರ ಹತ್ತಿರ ಕಣ್ಣು ಮುಚ್ಚಿ ನಿಂತರು. “ಟ್ಯಾಪೆಟ್ ಇರಬಹುದಾ ಅಣ್ಣ?” ಎಂದು ಕೇಳಿದೆ. “ಅಲ್ಲ ಮಾರಾಯ, ಇದು ಕೆಳಗಿನದ್ದು. ಇನ್ನು ಓಡಿಸಬೇಡ, ಬಂದ್ ಮಾಡು,” ಎಂದರು. ಸಂಪ್ ಇಳಿಸಿ ನೋಡಿದರೆ ಮೂರನೇ ರಾಡಿನ ಶೆಲ್ಲಿನ ಮೇಲೆ ಒಂದು ಗೀರು, ಅದರ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಸ ಹೂತುಕೊಂಡಿತ್ತು. ಕ್ರ್ಯಾಂಕಿಗೆ ಇನ್ನೂ ಪೆಟ್ಟಾಗಿರಲಿಲ್ಲ. ಶೆಲ್ ಬದಲಿಸಿದ್ದರಲ್ಲೇ ಮುಗಿಯಿತು.

ಹಾಗೆ ಕೇಳುವವರು ಹತ್ತಿರ ಇಲ್ಲದಿದ್ದರೆ ಇಂಜಿನ್ ಆಫ್ ಮಾಡಿ ಒಂದು ಪ್ಲಗ್ಗಿನ ವೈರ್ ಕಳಚಿ, ಬ್ಲಾಕಿಗೆ ಅರ್ಥ್ ಮಾಡಿ, ಕೆಲವೇ ಸೆಕೆಂಡು ಓಡಿಸಿ. ಆ ಸಿಲಿಂಡರ್ ಕೆಲಸ ನಿಲ್ಲಿಸಿದಾಗ ಬಡಿತ ತಗ್ಗಿದರೆ ದೋಷ ಅದರಲ್ಲೇ. ಆಯಿಲ್ ಫಿಲ್ಟರನ್ನು ಕೊಯ್ದು ಒಳಗಿನ ಕಾಗದ ಬಿಡಿಸಿ ನೋಡುವುದೂ ಒಳ್ಳೆಯ ದಾರಿ. ಅಯಸ್ಕಾಂತಕ್ಕೆ ಅಂಟಿದ್ದು ಕಬ್ಬಿಣ. ಅಂಟದೆ ಮಿಣಮಿಣ ಹೊಳೆಯುವುದು ಹೆಚ್ಚಾಗಿ ಬೇರಿಂಗಿನ ಲೋಹ, ಕಂಡರೆ ಇಂಜಿನ್ ಇಳಿಸಿ.

ಬಿಸಿ ಏರುತ್ತಲೇ ಹೋಗುತ್ತದೆ

ಬಹಳ ಸಲ ಇದು ಏರ್ ಲಾಕ್. ಖಾಲಿ ಇಂಜಿನಿಗೆ ಕೂಲೆಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಡಿಯ ಮೂತಿ ಎತ್ತರದಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವ ತನಕ ತುಂಬುತ್ತಾ ಹೋಗಿ. ಬಾವಿ ನೀರು ಹಾಕಬೇಡಿ. ಕಡಲ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ, ಅಲ್ಯೂಮಿನಿಯಂ ಹೆಡ್ ಒಳಗಿನಿಂದ ತಿಂದುಹೋಗುತ್ತದೆ.

ಅದಾದ ಮೇಲೆ ಥರ್ಮೋಸ್ಟಾಟ್ ನೋಡಿ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ತೆರೆದುಕೊಳ್ಳಬೇಕು. ಫ್ಯಾನಿಗೆ ವೈರ್ ತಿರುವುಮುರುವಾಗಿದ್ದರೆ ಅದು ಗಾಳಿಯನ್ನು ಎದುರಿಗೆ ತಳ್ಳುತ್ತಿರುತ್ತದೆ, ರೇಡಿಯೇಟರಿನ ಎದುರು ಕಾಗದ ಹಿಡಿದರೆ ಗೊತ್ತಾಗುತ್ತದೆ. ಇಗ್ನಿಷನ್ ಟೈಮಿಂಗ್ ತಡವಾಗಿದ್ದರೂ ಬಿಸಿ ಏರುತ್ತದೆ. ಕೊನೆಯ ಸಂಶಯ ಹೆಡ್ ಗ್ಯಾಸ್ಕೆಟ್. ಹಿಂದುಮುಂದಾಗಿ ಕೂರಿಸಿದ್ದರೆ ನೀರಿನ ದಾರಿ ಮುಚ್ಚಿಹೋಗಿರುತ್ತದೆ.

ನಿಂತಲ್ಲಿ ಸರಿ, ಓಟದಲ್ಲಿ ಸೋಲುತ್ತದೆ

ವ್ಯಾಕ್ಯೂಮ್ ಗೇಜ್ (ಇಂಜಿನ್ ಗಾಳಿ ಎಳೆಯುವ ಬಲ ಅಳೆಯುವ ಮೀಟರ್) ಒಂದನ್ನು ಕೊಳ್ಳಿ, ಕಡಿಮೆ ಬೆಲೆಗೆ ಬಹಳ ಹೇಳುತ್ತದೆ. ಮಂಗಳೂರು, ಉಡುಪಿ ಕಡಲ ಮಟ್ಟದಲ್ಲೇ ಇರುವುದರಿಂದ ಆರೋಗ್ಯದ ಇಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಬೇಕು, ಮುಳ್ಳು ಅಲುಗಾಡಬಾರದು. ಅದೇ ಗಾಡಿ ಮಡಿಕೇರಿಗೆ ಹತ್ತಿದರೆ ಮೂರು ನಾಲ್ಕು ಇಂಚು ಕಡಿಮೆ ಬರುತ್ತದೆ, ಅದು ದೋಷವಲ್ಲ. ಮುಳ್ಳು ಆಗಾಗ ಒಂದೇ ತಾಳದಲ್ಲಿ ಬೀಳುತ್ತಿದ್ದರೆ ಒಂದು ವಾಲ್ವ್ ಸರಿ ಕೂರುತ್ತಿಲ್ಲ. ರೇಸಿನ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕಿದ್ದರೆ ಮುಳ್ಳು ಕೆಳಗಿರುವುದೂ ಅದುರುವುದೂ ಸಹಜ.

ಹೆಚ್ಚು ಆರ್‌ಪಿಎಂನಲ್ಲಿ ಉಸಿರು ಕಟ್ಟಿದಂತಾದರೆ ಪೆಟ್ರೋಲ್ ಸಾಲುತ್ತಿಲ್ಲ. ಟ್ಯಾಂಕಿನ ಮುಚ್ಚಳ ಸಡಿಲಿಸಿ ಶೆಡ್ಡಿನ ಅಂಗಳದಲ್ಲೇ ಒಮ್ಮೆ ನೋಡಿ, ಸರಿಹೋದರೆ ಗಾಳಿ ಹೋಗುವ ತೂತು ಕಟ್ಟಿದೆ. ಎಳೆಯುವಾಗ ತಗಡಿನ ಮೇಲೆ ಸಣ್ಣ ಕಲ್ಲು ಉದುರಿದ ಸದ್ದು ಬಂದರೆ ಆಕ್ಸಿಲರೇಟರ್ ಬಿಡಿ. ಅದು ಪೆಟ್ರೋಲ್ ಸರಿಯಾಗಿ ಉರಿಯುವ ಬದಲು ಸಿಡಿಯುವ ಸದ್ದು (ನಾಕಿಂಗ್). ಹೆಡ್ ಮುಖ ಹೊಡೆಸಿದಾಗ ಕಂಪ್ರೆಷನ್ ಏರಿರುತ್ತದೆ. ಇಗ್ನಿಷನ್ ಟೈಮಿಂಗ್ ಒಂದೆರಡು ಡಿಗ್ರಿ ಹಿಂದಕ್ಕೆ ತನ್ನಿ, ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿ. ಕೇಳಿಯೂ ಓಡಿಸಿದರೆ ಪಿಸ್ಟನ್ ತೂತಾಗುತ್ತದೆ.

ಉದ್ದದ ತಿರುವಿನಲ್ಲಿ ಮಾತ್ರ ಆಯಿಲ್ ಪ್ರೆಷರ್ ಬಿದ್ದು, ನೇರ ದಾರಿಯಲ್ಲಿ ಮರಳಿದರೆ, ಸಂಪಿನ ಎಣ್ಣೆ ಒಂದು ಬದಿಗೆ ಓಡಿ ಪೈಪಿನ ಬಾಯಿ ಖಾಲಿಯಾಗುತ್ತಿದೆ. ಆ ಸುತ್ತನ್ನೇ ಬಿಟ್ಟು ಪಿಟ್ಟಿಗೆ ಬನ್ನಿ, ಸಂಪಿನೊಳಗೆ ತಡೆ ತಗಡು ಬೆಸೆಯಿಸುವವರೆಗೆ ಆ ವೇಗ ಬೇಡ.

ಲೇತಿಗೆ ಒಯ್ಯುವುದಾದರೆ

ಬಿರಿದ ಬ್ಲಾಕ್, ಬಾಗಿದ ಹೆಡ್, ಗೀರು ಬಿದ್ದ ಕ್ರ್ಯಾಂಕ್, ಮುರಿದು ಒಳಗೇ ಉಳಿದ ಬೋಲ್ಟ್, ಇವು ಶೆಡ್ಡಿನ ಕೆಲಸವಲ್ಲ. ಮಂಗಳೂರಿನ ಬೈಕಂಪಾಡಿಯಲ್ಲೋ ಮಣಿಪಾಲದಲ್ಲೋ ನಿಮಗೆ ನಂಬಿಕೆಯ ಕಡೆಗೆ ಒಯ್ಯಿರಿ. ಬರಿ ಬ್ಲಾಕ್ ಕೊಟ್ಟು ಬರಬೇಡಿ. ಹಾಕಬೇಕಾದ ಪಿಸ್ಟನ್ನುಗಳನ್ನೂ ಕೊಡಿ, ಬೋರನ್ನು ಅವುಗಳ ಅಳತೆಗೇ ಮಾಡಬೇಕು. ರಾಡುಗಳನ್ನು ಅವುಗಳದೇ ಕ್ಯಾಪ್ ಸಿಕ್ಕಿಸಿ, ನಂಬರ್ ಬರೆದು ಕೊಡಿ. ಕಂಪ್ರೆಷನ್ ಅಂಕಿಗಳು, ಸದ್ದು ಯಾವಾಗ ಬಂತು, ಎಷ್ಟು ಹೊತ್ತು ಓಡಿತು ಎಂಬುದಿರುವ ನೋಟ್‌ಬುಕ್ ಪುಟದ ಫೋಟೋ ತೋರಿಸಿ. ತೊಳೆಯಲು ಯಾವ ಯಾವ ಪ್ಲಗ್ ತೆಗೆಯುತ್ತಾರೆ ಎಂದು ಕೇಳಿ ಬರೆದುಕೊಳ್ಳಿ, ಮರಳಿ ತರುವಾಗ ಅಲ್ಲೇ ಟಾರ್ಚ್ ಹಾಕಿ ಒಂದೊಂದನ್ನೂ ಎಣಿಸಿ. ಗಾಡಿಯಲ್ಲಿ ಬ್ಲಾಕಿನ ಜೊತೆ ಒಂದು ಬಾಟಲಿ ಎಣ್ಣೆ, ಹಳೇ ಬನಿಯನ್, ದಪ್ಪ ಪ್ಲಾಸ್ಟಿಕ್ ಚೀಲ ಇರಲಿ. ಕಟಪಾಡಿ ತಲುಪುವ ಮೊದಲೇ ಮಳೆ ಹಿಡಿಯಬಹುದು.